ಸವಕಳಿಯೇ ಸರಕಾದಾಗ: ಮಾದರಿ ರೈಲುಗಳ ಲೋಕದ ಒಂದು ಕಸುಬು

ಹೊಸ ಸರಕಿಗೆ ಪೂರ್ಣ ಬೆಲೆ, ಬಣ್ಣ ಮಾಸಿದ್ದಕ್ಕೆ ರಿಯಾಯಿತಿ ಎಂಬುದು ವರ್ತಕರೆಲ್ಲರೂ ಬಲ್ಲ ನಿಯಮ. ಬ್ರಿಟನ್, ಅಮೆರಿಕಗಳ ಮಾದರಿ ರೈಲು ಮಾರುಕಟ್ಟೆಯಲ್ಲಿ ಈ ನಿಯಮ ಹಲವು ಬಾರಿ ತಲೆಕೆಳಗಾಗುತ್ತದೆ. ಕಾರ್ಖಾನೆಯಿಂದ ಥಳಥಳಿಸುತ್ತ ಬಂದ ಎಂಜಿನ್, ವ್ಯಾಗನ್ ಹಾಗೂ ನಿಲ್ದಾಣದ ಕಟ್ಟಡಗಳಿಗೆ ಅಲ್ಲಿನ ಹವ್ಯಾಸಿಗಳು ತುಕ್ಕು, ಹೊಗೆಮಸಿ, ಕೆಸರುಗಳ ಬಣ್ಣವನ್ನು ಕೈಯಾರೆ ಹಚ್ಚುತ್ತಾರೆ. ಇದಕ್ಕೆ ‘ವೆದರಿಂಗ್’ ಎಂದು ಹೆಸರು. ಬ್ಯಾಕ್‌ಮನ್ ಮತ್ತು ಹಾರ್ನ್‌ಬಿ ಸಂಸ್ಥೆಗಳು ಬ್ರಿಟಿಷ್ ಗ್ರಾಹಕರಿಗಾಗಿ ಕೆಲವು ಮಾದರಿಗಳನ್ನು ಮಾಸಿದ ರೂಪದಲ್ಲಿಯೇ ತಯಾರಿಸಿ ಮಾರಿವೆ.

ಇದರ ಹಿಂದಿನ ಕಾರಣ ಸರಳ. ಎಚ್‌ಓ ಎಂಬ ಜನಪ್ರಿಯ ಅಳತೆಯಲ್ಲಿ ಪ್ರತಿಯೊಂದು ವಸ್ತುವೂ ಮೂಲದ 87ರಲ್ಲಿ ಒಂದು ಪಾಲಿನಷ್ಟಿರುತ್ತದೆ. 12 ಮೀಟರ್ ಉದ್ದದ ವ್ಯಾಗನ್ ಸುಮಾರು 14 ಸೆಂಟಿಮೀಟರಿಗೆ ಇಳಿಯುತ್ತದೆ. ಆಕಾರ, ಅಕ್ಷರ, ರಿವೆಟ್ಟುಗಳೆಲ್ಲ ಸರಿಯಾಗಿದ್ದರೂ ಪ್ಲಾಸ್ಟಿಕ್ಕಿನ ಹೊಳಪು ಅದನ್ನು ಆಟಿಕೆಯೆಂದು ಸಾರಿಬಿಡುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಛಾಯಾಗ್ರಾಹಕ ಜಾನ್ ಆಲೆನ್ ಈ ಹೊಳಪನ್ನು ಕಳೆದು ತೋರಿಸಿದ ಮೊದಲಿಗರಲ್ಲಿ ಪ್ರಮುಖ. ‘ಗೋರಿ ಅಂಡ್ ಡಿಫೀಟೆಡ್’ ಎಂಬ ಅವರ ಕಾಲ್ಪನಿಕ ರೈಲುಮಾರ್ಗದ ಚಿತ್ರಗಳು ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಪ್ರಕಟವಾಗಿ ಹವ್ಯಾಸಿಗಳ ಅಭಿರುಚಿಯನ್ನೇ ಬದಲಿಸಿದವು. ಆಲೆನ್ 1973ರ ಜನವರಿಯಲ್ಲಿ ನಿಧನರಾದರು. ಕೆಲವೇ ದಿನಗಳಲ್ಲಿ ಬೆಂಕಿ ತಗುಲಿ ಆ ಮಾದರಿಯೂ ನಾಶವಾಯಿತು.

ಲೆಕ್ಕಪುಸ್ತಕದಲ್ಲಿ ಆಸ್ತಿಯ ಸವಕಳಿಯನ್ನು ವರ್ಷಕ್ಕಿಷ್ಟು ಶೇಕಡ ಎಂದು ಒಂದೇ ದರದಲ್ಲಿ ಕಳೆಯಬಹುದು. ವಸ್ತುಗಳು ಮಾತ್ರ ಹಾಗೆ ಸವೆಯುವುದಿಲ್ಲ. ಕಲ್ಲಿದ್ದಲಿನ ವ್ಯಾಗನ್ನಿನ ಒಳಮೈ ಉಜ್ಜಿ ಉಜ್ಜಿ ಬಣ್ಣ ಕಳೆದುಕೊಳ್ಳುತ್ತದೆ. ಸಿಮೆಂಟ್ ವ್ಯಾಗನ್ನಿಗೆ ತುಂಬುವ ಬಾಯಿಯಿಂದ ಕೆಳಕ್ಕೆ ಬೂದುಬಿಳಿಯ ಗೆರೆಗಳು ಇಳಿದಿರುತ್ತವೆ. ಬ್ರೇಕಿನಿಂದ ಏಳುವ ಕಂದು ಧೂಳು ಚಕ್ರಗಳ ಸುತ್ತ ಕೂರುತ್ತದೆ. ಹೊಸಪೇಟೆ, ತೋರಣಗಲ್ಲುಗಳ ಕಡೆ ಅದಿರಿನ ವ್ಯಾಗನ್ನುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಕಸುಬುದಾರರು ಬ್ರಷ್ ಹಿಡಿಯುವ ಮೊದಲು ನಿಜವಾದ ವಾಹನದ ಛಾಯಾಚಿತ್ರವನ್ನು ಎದುರಿಗಿಟ್ಟುಕೊಳ್ಳುತ್ತಾರೆ.

ಮೊದಲ ಹಂತದಲ್ಲಿ ಮೂಲ ಬಣ್ಣಕ್ಕೆ ಬಿಳಿ ಬೆರೆಸಿ, ಬಹಳ ತೆಳುವಾಗಿಸಿ ಏರ್‌ಬ್ರಷ್‌ನಿಂದ ಸಿಂಪಡಿಸುತ್ತಾರೆ. ಮೈಬಣ್ಣವೂ ಅಕ್ಷರಗಳೂ ಬಿಸಿಲಿಗೆ ಮಾಸಿದಂತೆ ಕಾಣುತ್ತವೆ. ಅನಂತರದ್ದು ‘ವಾಶ್’. ನೀರಿನಂತೆ ತೆಳುವಾದ ಕಪ್ಪುಕಂದು ಬಣ್ಣವನ್ನು ಹಚ್ಚಿದರೆ ಅದು ಹಲಗೆಗಳ ಸಂದಿಗೂ ರಿವೆಟ್ಟುಗಳ ಬುಡಕ್ಕೂ ತಾನಾಗಿಯೇ ಹರಿದು ನಿಲ್ಲುತ್ತದೆ. ಮೇಲ್ಮೈಯಲ್ಲಿ ಉಳಿದದ್ದನ್ನು ಒರೆಸುವಾಗ ಕೈ ಮೇಲಿನಿಂದ ಕೆಳಕ್ಕೇ ಚಲಿಸಬೇಕು, ಏಕೆಂದರೆ ಮಳೆನೀರು ಅಡ್ಡಲಾಗಿ ಹರಿಯುವುದಿಲ್ಲ. ಬಣ್ಣವನ್ನು ಬಹುತೇಕ ಒರೆಸಿ ಒಣಗಿಸಿದ ಬ್ರಷ್ಷನ್ನು ಉಬ್ಬುಗಳ ಮೇಲೆ ಹಗುರವಾಗಿ ಎಳೆಯುವುದು ಇನ್ನೊಂದು ವಿಧಾನ. ಅಂಚುಗಳು ಸವೆದಂತೆ ತೋರುತ್ತವೆ.

ಸಿಪ್ಪೆಯೆದ್ದ ಬಣ್ಣವನ್ನು ತೋರಿಸಲು ಬಳಸುವುದು ಅಡುಗೆಯ ಉಪ್ಪು. ಮಾದರಿಗೆ ಮೊದಲು ತುಕ್ಕಿನ ಬಣ್ಣ ಬಳಿದು ಒಣಗಿಸಿ, ನೀರಿನಿಂದ ತೇವ ಮಾಡಿ, ಬೇಕಾದೆಡೆ ಉಪ್ಪಿನ ಹರಳುಗಳನ್ನು ಉದುರಿಸುತ್ತಾರೆ. ನೀರು ಆರಿದ ಮೇಲೆ ಮೇಲ್ಬಣ್ಣ ಸಿಂಪಡಿಸಿ, ಅದೂ ಒಣಗಿದಾಗ ಉಪ್ಪನ್ನು ಉಜ್ಜಿ ತೆಗೆದರೆ, ಹರಳು ಇದ್ದೆಡೆಯಲ್ಲೆಲ್ಲ ತುಕ್ಕು ಇಣುಕುತ್ತದೆ. ಖರ್ಚು ಕೆಲವೇ ಪೈಸೆ, ಫಲಿತಾಂಶ ಬೆರಗುಗೊಳಿಸುವಂಥದು.

ಧೂಳು, ಮಸಿಗಳಿಗೆ ಬಣ್ಣದ ಪುಡಿಯೇ ಸೂಕ್ತ. ಅದು ನಯವಾದ ಮೈಗೆ ಹಿಡಿಯದ ಕಾರಣ ಮೊದಲು ಹೊಳಪಿಲ್ಲದ ವಾರ್ನಿಷ್ ಬೇಕು. ಪುಡಿಯ ಮೇಲೆ ಮತ್ತೆ ವಾರ್ನಿಷ್ ಹೊಡೆದರೆ ಅದರ ಬಹುಪಾಲು ಕಣ್ಮರೆಯಾಗುವುದರಿಂದ ಮೊದಲೇ ತುಸು ಹೆಚ್ಚು ಹಾಕಿರುತ್ತಾರೆ. ಚಕ್ರದ ಅಂಚಿಗೆ ಬಣ್ಣ ಮೆತ್ತಿದರೆ ಹಳಿಯಿಂದ ವಿದ್ಯುತ್ ದೊರೆಯದೆ ಎಂಜಿನ್ ನಿಂತೇ ಹೋಗುತ್ತದೆ. ದುಬಾರಿ ಮಾದರಿಗಳು ಕೆಡುವುದು ಇಂಥ ಸಣ್ಣ ಅಲಕ್ಷ್ಯದಿಂದ.

ಕಟ್ಟಡಗಳ ತರ್ಕವೂ ಇದೇ. ಇಟ್ಟಿಗೆ ಗೋಡೆಗೆ ತೆಳು ಬೂದುಬಣ್ಣ ಬಳಿದು ಮೇಲ್ಮೈ ಒರೆಸಿದರೆ ಗಾರೆಯ ಗೆರೆಗಳು ಮೂಡುತ್ತವೆ. ತಗಡಿನ ಛಾವಣಿಯಲ್ಲಿ ತುಕ್ಕು ಮೊಳೆಯಿಂದ ಹೊರಟು ಇಳಿಜಾರಿನತ್ತ ಸಾಗಬೇಕು. ಗೋಡೆಯ ಬುಡಕ್ಕೆ ಕೆಸರು ಸಿಡಿದ ಗುರುತಿಲ್ಲದಿದ್ದರೆ ಕಟ್ಟಡ ನೆಲದ ಮೇಲೆ ತೇಲುತ್ತಿರುವಂತೆ ಕಾಣುತ್ತದೆ.

ವ್ಯಾಪಾರದ ದೃಷ್ಟಿಯಿಂದ ಇದು ಎರಡು ಅಲಗಿನ ಕತ್ತಿ. 1938ರಲ್ಲಿ ಆರಂಭವಾದ ಹಾರ್ನ್‌ಬಿ ಡಬ್ಲೋ ಸರಣಿಯಂಥ ಹಳೆಯ ಮಾದರಿಗಳನ್ನು ಕೊಳ್ಳುವ ಸಂಗ್ರಾಹಕರು ಮೂಲ ಬಣ್ಣ, ಮೂಲ ಪೆಟ್ಟಿಗೆಗಳಿಗೆ ಹಣ ತೆರುತ್ತಾರೆ. ಅದರ ಮೇಲೆ ಯಾರಾದರೂ ತುಕ್ಕು ಬಳಿದರೆ ಬೆಲೆ ಕುಸಿಯುತ್ತದೆ. ಹಳಿಯ ಮೇಲೆ ಓಡಿಸುವವರ ಮಾರುಕಟ್ಟೆಯಲ್ಲಿ ನುರಿತ ಕೈಯ ಕೆಲಸಕ್ಕೆ ಹೆಚ್ಚು ಬೆಲೆಯಿದೆ, ನೌಸಿಖರ ಕೆಲಸಕ್ಕೆ ಹೊಸದಕ್ಕಿಂತಲೂ ಕಡಿಮೆ. ಹಚ್ಚಿದ್ದನ್ನು ಪೂರ್ತಿ ಅಳಿಸುವುದು ಕಷ್ಟವಾದ್ದರಿಂದ ಕಲಿಯುವವರು ಮುರುಕು ವ್ಯಾಗನ್ನಿನ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ.

ಇದನ್ನೆಲ್ಲ ಕಾರ್ಖಾನೆಯೇ ಮಾಡಿಬಿಡಬಹುದಲ್ಲವೇ ಎಂಬ ಪ್ರಶ್ನೆ ಉತ್ಪಾದಕರಿಗೆ ಸಹಜ. ತೊಡಕು ಇರುವುದು ಏಕರೂಪತೆಯಲ್ಲಿ. ಬೇರೆಡೆ ಗುಣಮಟ್ಟದ ಲಕ್ಷಣವಾದದ್ದು ಇಲ್ಲಿ ದೋಷವಾಗುತ್ತದೆ. ಒಂದೇ ಬಗೆಯ ಹತ್ತು ವ್ಯಾಗನ್ ಕೊಂಡು ಸಾಲಾಗಿ ನಿಲ್ಲಿಸಿದರೆ ಹತ್ತರಲ್ಲೂ ಕಲೆ ಬಹುಮಟ್ಟಿಗೆ ಅದೇ ಜಾಗದಲ್ಲಿರುತ್ತದೆ. ಹೀಗಾಗಿ ಮಾಸಿದ ರೂಪದಲ್ಲಿಯೇ ಕೊಂಡ ವ್ಯಾಗನ್ನುಗಳನ್ನೂ ಗಂಟೆಗಟ್ಟಲೆ ಕುಳಿತು ಒಂದೊಂದಾಗಿ ಮತ್ತೆ ಮಾಸಿಸುವವರಿದ್ದಾರೆ. ಆ ಕೆಲಸವನ್ನು ಕೂಲಿಗೆ ಮಾಡಿಕೊಟ್ಟು ಜೀವನ ನಡೆಸುವವರೂ ಇದ್ದಾರೆ.