‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ?

ಇಂಗ್ಲಿಷ್ ಕಲಿಯುವ ಕನ್ನಡಿಗರನ್ನು ಬಹುವಾಗಿ ಕಾಡುವ ಜೋಡಿಯೆಂದರೆ ‘ಸಿನ್ಸ್’ ಮತ್ತು ‘ಫಾರ್’. ‘ಐ ಆ್ಯಮ್ ವರ್ಕಿಂಗ್ ಇನ್ ಎ ಬ್ಯಾಂಕ್ ಸಿನ್ಸ್ ಫೈವ್ ಇಯರ್ಸ್’ ಎಂಬಂಥ ವಾಕ್ಯ ಎಷ್ಟು ಅರ್ಜಿಗಳಲ್ಲಿ ಇಣುಕುವುದೋ! ಇದಕ್ಕೆ ಕಾರಣ ದಡ್ಡತನವಲ್ಲ, ತಾಯ್ನುಡಿಯ ರೂಢಿ. ‘2019ರಿಂದ’ ಎನ್ನಲಿ, ‘ಐದು ವರ್ಷಗಳಿಂದ’ ಎನ್ನಲಿ, ಕನ್ನಡಕ್ಕೆ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಹಾಗಲ್ಲ. ಕೆಲಸ ಆರಂಭವಾದ ಕಾಲವನ್ನು ಹೇಳುವುದಾದರೆ ‘ಸಿನ್ಸ್’. ಕಳೆದ ಅವಧಿಯನ್ನು ಅಳೆಯುವುದಾದರೆ ‘ಫಾರ್’. ಜರ್ಮನರ ‘ಜೈಟ್’, ಫ್ರೆಂಚರ ‘ದೆಪ್ವಿ’ ಪದಗಳೂ ಎರಡು ಕೆಲಸವನ್ನೂ ಮಾಡುವುದರಿಂದ ಅವರೂ ಇಲ್ಲಿಯೇ ಎಡವುತ್ತಾರೆ. ಕನ್ನಡಿಗರಿಗೆ ಅಷ್ಟು ಸಮಾಧಾನ!

‘ಸಿನ್ಸ್’ ತಪ್ಪಿದರೂ ಕೇಳುವವರಿಗೆ ಅರ್ಥವಾಗುತ್ತದೆ. ಕ್ರಿಯಾಪದ ತಪ್ಪಿದರೆ ಅರ್ಥವೇ ಕೆಡುತ್ತದೆ. ‘ಐ ವರ್ಕ್ಡ್ ಇನ್ ಎ ಬ್ಯಾಂಕ್ ಫಾರ್ ಫೈವ್ ಇಯರ್ಸ್’ ಎಂದರೆ ಆ ಕೆಲಸ ಮುಗಿದುಹೋಯಿತೆಂದೇ ಭಾವ. ಇಂದಿಗೂ ಬ್ಯಾಂಕಿನಲ್ಲಿರುವ ಉಮೇದುವಾರನು ಸಂದರ್ಶನದಲ್ಲಿ ಹೀಗೆಂದರೆ ‘ಏಕೆ ಬಿಟ್ಟಿರಿ?’ ಎಂಬ ಪ್ರಶ್ನೆ ಬರುವುದು ಸಹಜ. ‘ಹ್ಯಾವ್ ಬೀನ್ ವರ್ಕಿಂಗ್’ ಎಂದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.