ಇಲ್ಲದ್ದನ್ನು ಕಂಡುಹಿಡಿದ ಮೇಷ್ಟರು

1929ರಲ್ಲಿ ಸಂಸ್ಕೃತದಲ್ಲೊಂದು ಪುಸ್ತಕ ಅಚ್ಚಾಯಿತು. ಹೆಸರು ‘ಮೂಲಾವಿದ್ಯಾನಿರಾಸ’; ಅದಕ್ಕೇ ‘ಶ್ರೀಶಂಕರಹೃದಯ’ ಎಂಬ ಇನ್ನೊಂದು ಹೆಸರೂ ಇತ್ತು. ಬರೆದವರು ಮಠದ ಸ್ವಾಮಿಗಳಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಗೃಹಸ್ಥರು, ಯಲ್ಲಂಬಳಸೆಯ ಸುಬ್ಬರಾಯರು. ಪುಸ್ತಕ ಹೇಳುವುದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಅದ್ವೈತದ ಪಾಠಶಾಲೆಗಳಲ್ಲಿ ಸಾವಿರ ವರ್ಷದಿಂದ ಶಂಕರಾಚಾರ್ಯರ ಹೆಸರಿನಲ್ಲಿ ಹೇಳಿಕೊಡುತ್ತಿರುವ ‘ಮೂಲಾವಿದ್ಯೆ’ ಶಂಕರರ ಭಾಷ್ಯಗಳಲ್ಲಿ ಇಲ್ಲವೇ ಇಲ್ಲ.

ಹೊಸ ತಾಳೆಗರಿ ಸಿಕ್ಕಿತು, ಹೊಸ ಶಾಸನ ಸಿಕ್ಕಿತು ಎಂದರೆ ಜನ ಕಿವಿಗೊಡುತ್ತಾರೆ. ಎಲ್ಲರ ಕೈಯಲ್ಲೂ ಇರುವ ಪುಸ್ತಕದಲ್ಲಿ ಎಲ್ಲರೂ ಇದೆ ಎಂದುಕೊಂಡದ್ದು ಇಲ್ಲ ಎಂದರೆ ಯಾರು ಕೇಳುತ್ತಾರೆ? ಹಾಗೆ ಹೇಳುವವನನ್ನು ಓದು ಬಾರದವನು ಎಂದು ತಳ್ಳಿಹಾಕುವುದೇ ಸುಲಭ. ಸುಬ್ಬರಾಯರನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. 1880ರಲ್ಲಿ ಹುಟ್ಟಿದ ಇವರು ಸುಧಾರಕರ ಗುಂಪಿನವರೂ ಅಲ್ಲ, ಮಠದ ಮೇಲೆ ಮುನಿಸಿಕೊಂಡವರೂ ಅಲ್ಲ. 1910ರಲ್ಲಿ ಶೃಂಗೇರಿಯ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು ಕಾಲಡಿಯಲ್ಲಿ ಶಂಕರರ ಗುಡಿಯ ಪ್ರತಿಷ್ಠೆ ಮಾಡಿದಾಗ ಅಲ್ಲಿದ್ದು, ಅವರ ಅನುಗ್ರಹ ಪಡೆದು ಭಾಷ್ಯಕ್ಕೆ ಕೈಹಾಕಿದವರು. ಬೆಂಗಳೂರಿನಲ್ಲಿ ಕೆ.ಎ. ಕೃಷ್ಣಸ್ವಾಮಿ ಅಯ್ಯರ್ ಅವರ ಒಡನಾಟ ಸಿಕ್ಕಿತು. ಎಚ್ಚರ, ಕನಸು, ನಿದ್ರೆ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಿಸಬೇಕು, ಎಚ್ಚರವೊಂದನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದು ಎಂದು ಪಟ್ಟು ಹಿಡಿದವರು ಅಯ್ಯರ್. 1920ರಲ್ಲಿ ಸುಬ್ಬರಾಯರು ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ತೆರೆದರು. ಕನ್ನಡದಲ್ಲಿ ವೇದಾಂತ ಹೇಳುವುದು ಅದರ ಕೆಲಸ.

ಮೂಲಾವಿದ್ಯೆ ಎಂದರೇನು? ಅದನ್ನು ಕಟ್ಟಿದವರು ಸಾಮಾನ್ಯರಲ್ಲ, ಅವರ ತರ್ಕವನ್ನು ಮೊದಲು ಕೇಳಬೇಕು. ದಾರಿಯಲ್ಲಿ ಕಪ್ಪೆಚಿಪ್ಪು ಬಿದ್ದಿದೆ, ಬೆಳ್ಳಿ ಎಂದು ಬಗ್ಗಿದೆವು. ಆ ಬೆಳ್ಳಿ ಎಲ್ಲಿಂದ ಬಂತು? ಅಂಗಡಿಯ ಬೆಳ್ಳಿಯಲ್ಲ, ಪೂರ್ತಿ ಶೂನ್ಯವೂ ಅಲ್ಲ, ಕಣ್ಣಿಗೆ ಕಂಡಿತಲ್ಲ. ಕಂಡದ್ದಕ್ಕೆ ಒಂದು ಉಪಾದಾನ, ಅಂದರೆ ಅದು ರೂಪುಗೊಳ್ಳುವ ಮೂಲದ್ರವ್ಯ, ಬೇಕು. ಸುಳ್ಳು ಬೆಳ್ಳಿಗೆ ಸುಳ್ಳೇ ಉಪಾದಾನ; ಅದೇ ಚಿಪ್ಪಿನ ಕುರಿತ ಅಜ್ಞಾನ. ಹಾಗೆಯೇ ಈ ಇಡೀ ಜಗತ್ತಿಗೆ ಬ್ರಹ್ಮವನ್ನು ಮುಚ್ಚಿರುವ ಒಂದು ಅನಾದಿ ಅಜ್ಞಾನ ಉಪಾದಾನ. ಅದು ಬರಿಯ ತಿಳಿವಿನ ಅಭಾವವಲ್ಲ, ಭಾವರೂಪವಾದದ್ದು. ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಪದ್ಮಪಾದರ ಪಂಚಪಾದಿಕೆಯಲ್ಲಿ ಇದರ ಬೀಜ, ಪ್ರಕಾಶಾತ್ಮರ ವಿವರಣದಲ್ಲಿ ಇದರ ಮರ. ವಾಚಸ್ಪತಿ ಮಿಶ್ರರ ಭಾಮತಿ ಇನ್ನೊಂದು ಕವಲು: ಈ ಅವಿದ್ಯೆ ಬ್ರಹ್ಮವನ್ನು ಆಶ್ರಯಿಸಿದೆಯೇ, ಜೀವನನ್ನು ಆಶ್ರಯಿಸಿದೆಯೇ ಎಂದು ಎರಡು ಪ್ರಸ್ಥಾನಗಳೂ ಶತಮಾನಗಳ ಕಾಲ ವಾದ ಮಾಡಿವೆ. ಮನೆಯೇ ಇಲ್ಲದೆ ಬಾಡಿಗೆದಾರ ಯಾರು ಎಂದು ಕಾದಾಡಿದಂತೆ ಎಂಬುದು ಸುಬ್ಬರಾಯರ ಪಕ್ಷ ಹಿಡಿದವರಿಗೆ ಅನ್ನಿಸುವ ಮಾತು.

ಸಾವಿರ ವರ್ಷ ಯಾರಿಗೂ ಕಾಣದ್ದು ಇವರಿಗೆ ಹೇಗೆ ಕಂಡಿತು? ನನ್ನ ಊಹೆ ಒಂದಿದೆ: ಅಚ್ಚುಮನೆ. ಪಾಠಶಾಲೆಯಲ್ಲಿ ಬ್ರಹ್ಮಸೂತ್ರಭಾಷ್ಯವನ್ನು ಒಂಟಿಯಾಗಿ ಯಾರೂ ಓದುತ್ತಿರಲಿಲ್ಲ. ಭಾಷ್ಯ, ಅದಕ್ಕೆ ಭಾಮತಿ, ಭಾಮತಿಗೆ ಕಲ್ಪತರು, ಕಲ್ಪತರುವಿಗೆ ಪರಿಮಳ. ಮುಂಬಯಿಯ ನಿರ್ಣಯಸಾಗರದ ಮುದ್ರಣ ತೆರೆದರೆ ಪುಟದ ತಲೆಯ ಮೇಲೆ ಭಾಷ್ಯದ ನಾಲ್ಕು ಸಾಲು, ಕೆಳಗೆ ಸಣ್ಣಕ್ಷರದ ವ್ಯಾಖ್ಯಾನಗಳ ರಾಶಿ. ವಿದ್ಯಾರ್ಥಿ ಭಾಷ್ಯವನ್ನು ಓದುವ ಮೊದಲೇ ಅದರ ಅರ್ಥ ಅವನ ಕೈಗೆ ಬಂದಿರುತ್ತಿತ್ತು. 1910ರಲ್ಲಿ ಶ್ರೀರಂಗದ ವಾಣೀವಿಲಾಸ ಪ್ರೆಸ್ಸು ಶಂಕರರ ಕೃತಿಗಳನ್ನಷ್ಟೇ 20 ಸಂಪುಟಗಳಲ್ಲಿ ಹೊರತಂದಿತು. ಅಡಿಯಲ್ಲಿ ವ್ಯಾಖ್ಯಾನವಿಲ್ಲ. ಸೂತ್ರಭಾಷ್ಯ, ಹತ್ತು ಉಪನಿಷತ್ತುಗಳ ಭಾಷ್ಯ, ಗೀತಾಭಾಷ್ಯ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಇಲ್ಲಿ ಈ ಮಾತನ್ನು ಹೇಗೆ ಬಳಸಿದ್ದಾರೆ, ಅಲ್ಲಿ ಹೇಗೆ ಎಂದು ತಾಳೆ ನೋಡಲು ಒಬ್ಬ ಮೇಷ್ಟರಿಗೂ ಸಾಧ್ಯವಾದ ಕಾಲ ಅದು. ಶಂಕರರಿಗೆ ಶಂಕರರೇ ವ್ಯಾಖ್ಯಾನಕಾರರು, ನೇರ ಶಿಷ್ಯರಾದ ಸುರೇಶ್ವರರ ವಾರ್ತಿಕ ಅದಕ್ಕೆ ಸಾಕ್ಷಿ ಎಂಬ ನಿಯಮವನ್ನು ಸುಬ್ಬರಾಯರು ತಾವೇ ಹಾಕಿಕೊಂಡರು, ಬಿಡದೆ ಪಾಲಿಸಿದರು.

ಹಾಗೆ ತಾಳೆ ನೋಡಿದಾಗ ಸಿಕ್ಕಿದ್ದು ಸೂತ್ರಭಾಷ್ಯದ ಬಾಗಿಲಲ್ಲೇ ಇತ್ತು. ಅಧ್ಯಾಸಭಾಷ್ಯದಲ್ಲಿ ಶಂಕರರು ಹೇಳುವುದು ಸರಳ: ಕಾಣುವ ತಾನು, ಕಾಣಿಸಿಕೊಳ್ಳುವ ಮೈ-ಮನಸ್ಸು, ಇವೆರಡನ್ನೂ ಬೆರೆಸಿ ‘ನಾನು ಇದು, ಇದು ನನ್ನದು’ ಎಂದು ನಡೆಯುವುದೇ ಲೋಕದ ಸಹಜ ವ್ಯವಹಾರ. ಈ ಬೆರಕೆಗೆ ಅಧ್ಯಾಸವೆಂದು ಹೆಸರು. ಬಲ್ಲವರು ಇದನ್ನೇ ಅವಿದ್ಯೆ ಎನ್ನುತ್ತಾರೆ, ಇವೆರಡನ್ನೂ ವಿಂಗಡಿಸಿ ವಸ್ತುವನ್ನು ಅರಿಯುವುದೇ ವಿದ್ಯೆ ಎಂದು ಶಂಕರರೇ ಬಿಡಿಸಿ ಹೇಳಿದ್ದಾರೆ. ಅಧ್ಯಾಸವೇ ಅವಿದ್ಯೆಯಾದರೆ ಅಧ್ಯಾಸಕ್ಕೆ ಕಾರಣವಾದ ಇನ್ನೊಂದು ಅವಿದ್ಯೆ ಎಲ್ಲಿಂದ ಬಂತು? ಪಂಚಪಾದಿಕೆ ಅದನ್ನು ತಂದದ್ದು ಒಂದು ಸಮಾಸದಿಂದ. ಅಧ್ಯಾಸವನ್ನು ಶಂಕರರು ‘ಮಿಥ್ಯಾಜ್ಞಾನನಿಮಿತ್ತ’ ಎಂದಿದ್ದಾರೆ. ಸಂಸ್ಕೃತದ ಸಂಧಿಯಲ್ಲಿ ಇದನ್ನು ಮಿಥ್ಯಾ-ಜ್ಞಾನ, ಅಂದರೆ ತಪ್ಪು ತಿಳಿವಳಿಕೆ ಎಂದೂ ಒಡೆಯಬಹುದು. ಮಿಥ್ಯಾ-ಅಜ್ಞಾನ ಎಂದೂ ಒಡೆಯಬಹುದು. ಪಂಚಪಾದಿಕೆ ಎರಡನೆಯದನ್ನು ಹಿಡಿದು, ಅನಿರ್ವಚನೀಯವಾದ ಜಡ ಅವಿದ್ಯಾಶಕ್ತಿ ಎಂದು ಅರ್ಥ ಹೇಳಿತು. ಭಾಷ್ಯಗಳ ಉಳಿದ ಕಡೆಯೆಲ್ಲ ಆ ಪದ ಬಂದಾಗ ತಪ್ಪು ತಿಳಿವಳಿಕೆ ಎಂಬರ್ಥವೇ ಹೊಂದುತ್ತದೆ, ಇಲ್ಲಿ ಮಾತ್ರ ಬೇರೆ ಏಕೆ ಎಂದು ಸುಬ್ಬರಾಯರು ಕೇಳಿದರು. ಒಂದು ‘ಅ’ಕಾರದ ಮೇಲೆ ನಿಂತ ಮಹಡಿ ಇದು.

ಇದು ಬರಿಯ ವ್ಯಾಕರಣದ ಜಗಳವಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಅಜ್ಞಾನ ವಸ್ತುವಾದರೆ ಅದನ್ನು ನಾಶಮಾಡಬೇಕು. ನಾಶಕ್ಕೆ ಸಾಧನ ಬೇಕು, ಸಮಾಧಿ ಬೇಕು, ನಾಶವಾದ ಮೇಲೂ ಅದರ ಲೇಶ ಉಳಿಯುತ್ತದೆಯೇ ಎಂಬ ಚರ್ಚೆ ಬೇಕು. ಅದು ತಪ್ಪು ಮಾತ್ರವಾದರೆ? ತಪ್ಪನ್ನು ಯಾರೂ ಸುಡುವುದಿಲ್ಲ, ತಿದ್ದಿಕೊಳ್ಳುತ್ತಾರೆ. ಗೀತೆಯ 13ನೆಯ ಅಧ್ಯಾಯದ ಭಾಷ್ಯದಲ್ಲಿ ಅವಿದ್ಯೆ ಯಾರಿಗೆ ಎಂದು ಒಬ್ಬ ಕೇಳುತ್ತಾನೆ. ಯಾರಿಗೆ ಕಾಣುತ್ತದೋ ಅವರಿಗೇ ಎಂಬ ಅರ್ಥದಲ್ಲಿ ಶಂಕರರು ಉತ್ತರ ಕೊಟ್ಟು, ಅದು ಕಾಣುತ್ತಿರುವಾಗ ಈ ಪ್ರಶ್ನೆಗೆ ಅರ್ಥವಿಲ್ಲ ಎಂದು ಅವನ ಮಾತನ್ನು ಅವನಿಗೇ ತಿರುಗಿಸುತ್ತಾರೆ. ವಾದಕ್ಕಿಳಿದವರನ್ನು ಹೀಗೆ ಬರಿಗೈಯಲ್ಲಿ ಕಳಿಸುವ ಶಂಕರರು ಅವಿದ್ಯೆಯ ಆಶ್ರಯ ಯಾವುದೆಂದು ಗ್ರಂಥ ಬೆಳೆಸಿಯಾರೇ?

ನಿಜವಾದ ಗುದ್ದಾಟ ನಡೆದದ್ದು ನಿದ್ರೆಯ ಮೇಲೆ. ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎಂದು ಎದ್ದವನು ಹೇಳುತ್ತಾನೆ. ನೋಡಿ, ಏನೂ ತಿಳಿಯದ ಸ್ಥಿತಿಯನ್ನು ಅವನು ಅನುಭವಿಸಿದ್ದಾನೆ, ಅನುಭವಿಸದಿದ್ದರೆ ನೆನಪು ಎಲ್ಲಿಂದ ಬರಬೇಕು, ಅಲ್ಲಿದ್ದದ್ದೇ ಮೂಲಾವಿದ್ಯೆ ಎಂಬುದು ಒಂದು ಪಕ್ಷ. ಸುಬ್ಬರಾಯರು ಬೃಹದಾರಣ್ಯಕಕ್ಕೆ ಕೈ ತೋರಿಸಿದರು. ನಿದ್ರೆಯಲ್ಲಿ ಕಾಣುವವನ ಕಾಣ್ಕೆ ಅಳಿದುಹೋಗುವುದಿಲ್ಲ, ಕಾಣಲು ಎರಡನೆಯದು ಅಲ್ಲಿಲ್ಲ ಎಂದು ಯಾಜ್ಞವಲ್ಕ್ಯರು ಜನಕನಿಗೆ ಹೇಳುತ್ತಾರೆ. ಎರಡನೆಯದೇ ಇಲ್ಲದ ಕಡೆ ಮೂಲಾವಿದ್ಯೆಯೊಂದು ಕೂತಿದ್ದರೆ ಅದೇ ಎರಡನೆಯದಾಯಿತಲ್ಲ? ‘ತಿಳಿಯಲಿಲ್ಲ’ ಎಂಬುದು ಎಚ್ಚೆತ್ತ ಮನಸ್ಸಿನ ತೀರ್ಪು. ಮನಸ್ಸೇ ಇರದಿದ್ದಾಗಿನ ಸ್ಥಿತಿಯ ಬಗ್ಗೆ ಮನಸ್ಸು ಹೇಳುವ ಸಾಕ್ಷ್ಯ. ನಿದ್ರೆಯಲ್ಲಿ ಕಾಲ, ದೇಶ, ನಾನು ಯಾವುದೂ ಇಲ್ಲ. ಅಂಥಲ್ಲಿ ಅಜ್ಞಾನವೊಂದು ಎಂಟು ಗಂಟೆ ಹೊತ್ತು ಅಡಗಿ ಕೂತಿತ್ತು ಎನ್ನುವುದು ಎಚ್ಚರದ ಗಡಿಯಾರವನ್ನು ನಿದ್ರೆಯ ಒಳಕ್ಕೆ ಒಯ್ದು ಇಟ್ಟಂತೆ.

ಎಲ್ಲರಿಗೂ ನಿತ್ಯ ಆಗುವ ಅನುಭವವನ್ನೇ ಶಾಸ್ತ್ರಕ್ಕೆ ಸಾಕ್ಷಿಯಾಗಿ ಕರೆದದ್ದು ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಯೋಗಿಗೆ ಆದದ್ದು ನನಗೇಕೆ ಆಗಲಿಲ್ಲ ಎಂಬ ಕೊರಗು ಇಲ್ಲಿಗೆ ಬರುವುದಿಲ್ಲ, ನಿದ್ರೆ ಬಾರದವರು ಯಾರೂ ಇಲ್ಲ. ಸಾರ್ವತ್ರಿಕ ಅನುಭವ ಎಂಬ ಮಾತು ಸುಬ್ಬರಾಯರ ಕನ್ನಡ ಪುಸ್ತಕಗಳ ತುಂಬ ಇದೆ. ಕೃಷ್ಣಸ್ವಾಮಿ ಅಯ್ಯರ್ ಕೂಡ 1930ರಲ್ಲಿ ತಮ್ಮ ಇಂಗ್ಲಿಷ್ ಗ್ರಂಥದ ಹೆಸರಿನಲ್ಲೇ ವೇದಾಂತವನ್ನು ತತ್ತ್ವದ ವಿಜ್ಞಾನವೆಂದು ಕರೆದರು. ಆ ಕಾಲದ ಮೈಸೂರು ಸೀಮೆಯ ಗಾಳಿಯಲ್ಲೇ ಇಂಥದ್ದೇನೋ ಇತ್ತೆಂದು ಕಾಣುತ್ತದೆ.

ಪಂಡಿತರು ಸುಮ್ಮನಿರಲಿಲ್ಲ, ಸುಮ್ಮನಿರಬೇಕಾಗಿಯೂ ಇರಲಿಲ್ಲ. ಅವರ ಕೈಯಲ್ಲಿ ಗಟ್ಟಿ ವಾಕ್ಯಗಳಿದ್ದವು. ಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ, ನಿದ್ರೆಯಲ್ಲಿ ಭೇದ ಅಡಗಿದರೂ ಮಿಥ್ಯಾಜ್ಞಾನ ಕಳೆದಿರುವುದಿಲ್ಲವಾದ್ದರಿಂದ ಎದ್ದಾಗ ಮತ್ತೆ ಭೇದ ತಲೆಯೆತ್ತುತ್ತದೆ ಎಂಬ ಅರ್ಥ ಬರುವಂತೆ ಶಂಕರರೇ ಬರೆದಿದ್ದಾರೆ. ಮೊದಲನೆಯ ಅಧ್ಯಾಯದಲ್ಲಿ ಅವಿದ್ಯಾತ್ಮಕವಾದ ಬೀಜಶಕ್ತಿಯ ಮಾತಿದೆ. ಮಾಂಡೂಕ್ಯಕಾರಿಕೆಯಲ್ಲಿ ಗೌಡಪಾದರು ನಿದ್ರೆಯನ್ನು ಬೀಜದೊಂದಿಗೆ ಸೇರಿಸಿ ಹೇಳುತ್ತಾರೆ. ಬೀಜವಿಲ್ಲದಿದ್ದರೆ ಮಲಗಿದವರೆಲ್ಲ ಮುಕ್ತರಾಗಬೇಕಿತ್ತಲ್ಲ? ಸುಬ್ಬರಾಯರ ಸಮಾಧಾನ ಹೀಗೆ: ಇವೆಲ್ಲ ವ್ಯವಹಾರದ ದೃಷ್ಟಿಯಿಂದ, ಎದ್ದವನ ಕಡೆಯಿಂದ ಆಡಿದ ಮಾತು, ಬೀಜಶಕ್ತಿ ಎಂಬ ಮಾಯೆ ಅವಿದ್ಯೆಯಿಂದ ಕಲ್ಪಿತವಾದದ್ದು, ಅದೇ ಅವಿದ್ಯೆಯಲ್ಲ, ಬೀಜವೆಂದರೆ ತತ್ತ್ವವನ್ನು ಹಿಡಿಯದಿರುವುದು, ಅಷ್ಟೆ. ಮಾಯೆ ಮತ್ತು ಅವಿದ್ಯೆಗಳನ್ನು ಬೇರ್ಪಡಿಸಿದ್ದು ನನಗೆ ಒಪ್ಪಿಗೆಯಾಗುತ್ತದೆ. ಎರಡನೆಯ ಅಧ್ಯಾಯದ ಆ ವಾಕ್ಯದ ಮಟ್ಟಿಗೆ ಮಾತ್ರ ಸಮಾಧಾನ ಸ್ವಲ್ಪ ಎಳೆದಂತಿದೆ. ತಮಗೆ ಬೇಕಾದ ವಾಕ್ಯಕ್ಕೆ ಪರಮಾರ್ಥದ ಪಟ್ಟ, ಬೇಡವಾದದ್ದಕ್ಕೆ ವ್ಯವಹಾರದ ಪಟ್ಟ ಎಂದು ಎದುರಾಳಿ ಆಕ್ಷೇಪಿಸಿದರೆ ಅದು ಪೂರ್ತಿ ಅನ್ಯಾಯವಲ್ಲ. ಆದರೂ ಬೀಜವನ್ನು ಒಪ್ಪಿದ ಮಾತ್ರಕ್ಕೆ ವಿವರಣದ ಭಾವರೂಪ ಅಜ್ಞಾನ ಶಂಕರರದು ಎಂದು ಸಾಬೀತಾಗುವುದಿಲ್ಲ.

ಇಪ್ಪತ್ತೊಂದು ವರ್ಷದ ಮೇಲೆ ಇನ್ನೊಂದು ಸಾಕ್ಷಿ ಬಂತು, ಅದೂ ಜರ್ಮನಿಯಿಂದ. ಪೌಲ್ ಹ್ಯಾಕರ್ ಎಂಬ ವಿದ್ವಾಂಸರು 1950ರಲ್ಲಿ ದೊಡ್ಡದೊಂದು ಪ್ರಬಂಧ ಪ್ರಕಟಿಸಿದರು. ಅವರ ಪ್ರಶ್ನೆಯೇ ಬೇರೆ: ಶಂಕರರ ಹೆಸರಿನಲ್ಲಿರುವ ನೂರಾರು ಕೃತಿಗಳಲ್ಲಿ ಅವರದೇ ಯಾವುವು? ಅದಕ್ಕಾಗಿ ಸೂತ್ರಭಾಷ್ಯದಲ್ಲಿ ಅವಿದ್ಯೆ, ನಾಮರೂಪ, ಮಾಯೆ, ಈಶ್ವರ ಎಂಬ ಪದಗಳನ್ನು ಶಂಕರರು ಹೇಗೆ ಬಳಸುತ್ತಾರೆಂದು ಒಂದೊಂದಾಗಿ ಜರಡಿ ಹಿಡಿದರು. ಸಿಕ್ಕಿದ್ದು: ಶಂಕರರು ಅವಿದ್ಯೆಯನ್ನು ಜಗತ್ತಿನ ಉಪಾದಾನವಾಗಿ ಬಳಸುವುದಿಲ್ಲ, ‘ಅನಿರ್ವಚನೀಯ’ ಎಂಬ ವಿಶೇಷಣವನ್ನು ನಾಮರೂಪಗಳಿಗೆ ಕೊಡುತ್ತಾರೆ, ಅವಿದ್ಯೆಗಲ್ಲ, ಮುಂದಿನವರು ಇಲ್ಲೇ ಅವರಿಂದ ಬೇರೆಯಾಗುತ್ತಾರೆ. ಇದನ್ನೇ ಒರೆಗಲ್ಲಾಗಿ ಹಿಡಿದು ಜಪಾನಿನ ಸೆಂಗಾಕು ಮಾಯೇದ ಮುಂದೆ ಶಂಕರರ ಕೃತಿಗಳನ್ನು ಪರೀಕ್ಷಿಸಿದರು. ಹಾರ್ವರ್ಡಿನ ಡೇನಿಯಲ್ ಇಂಗಾಲ್ಸ್ 1953ರಲ್ಲಿ, ಅವಿದ್ಯೆ ಯಾರಿಗೆ ಎಂಬ ಅದೇ ಪ್ರಶ್ನೆಯ ಮೇಲೆ ಲೇಖನ ಬರೆದು, ಶಂಕರರು ಆ ತಕರಾರಿಗೆ ಸಿಕ್ಕಿಬೀಳದೆ ಹೇಗೆ ನುಣುಚಿಕೊಂಡರೆಂದು ತೋರಿಸಿದರು. ಭಕ್ತಿಯಿಂದ ಓದಿದ ಕನ್ನಡಿಗರೂ ಪದ ಎಣಿಸಿ ಓದಿದ ಜರ್ಮನರೂ ಬಂದು ನಿಂತ ಜಾಗ ಒಂದೇ.

ಅಷ್ಟರಲ್ಲಿ ಸುಬ್ಬರಾಯರು ಸುಬ್ಬರಾಯರಾಗಿ ಉಳಿದಿರಲಿಲ್ಲ. 1937ರಲ್ಲಿ ಕಾರ್ಯಾಲಯ ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ಹೋಯಿತು. 1948ರಲ್ಲಿ ಸಂನ್ಯಾಸ ತೆಗೆದುಕೊಂಡು ಅವರು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. ಕಾರ್ಯಾಲಯ ಹೊಳೆನರಸೀಪುರಕ್ಕೆ ಹೋದ ವರ್ಷವೇ ಮದರಾಸಿನಲ್ಲಿ ಕುಪ್ಪುಸ್ವಾಮಿ ಶಾಸ್ತ್ರಿಗಳು ಮಂಡನ ಮಿಶ್ರರ ಬ್ರಹ್ಮಸಿದ್ಧಿಯನ್ನು ಅಚ್ಚುಮಾಡಿಸಿದರು. ಭಾಮತಿಯ ಎಷ್ಟೋ ವಿಚಾರಗಳ ತವರುಮನೆ ಶಂಕರರಲ್ಲ, ಮಂಡನರು ಎಂಬುದು ಈಗ ಪುಟ ತಿರುಗಿಸಿದರೆ ಕಾಣುವಂತಾಯಿತು. ಸ್ವಾಮಿಗಳು ಈ ಸರಕನ್ನೆಲ್ಲ ಬಳಸಿಕೊಂಡು, ಗೌಡಪಾದರಿಂದ ಹಿಡಿದು ಒಬ್ಬೊಬ್ಬ ಆಚಾರ್ಯರನ್ನೂ ಸಾಲಾಗಿ ಪರೀಕ್ಷಿಸಿ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಬರೆದರು. ಅದು ಪ್ರಕಟವಾದ 1964ರಲ್ಲಿ ಅವರಿಗೆ 84 ವರ್ಷ. ಎ.ಜೆ. ಆಲ್ಸ್ಟನ್ ಅದನ್ನು ಇಂಗ್ಲಿಷಿಗೆ ತಂದದ್ದು 1989ರಲ್ಲಿ. ಅದನ್ನು ನೋಡಲು ಸ್ವಾಮಿಗಳಿರಲಿಲ್ಲ, 1975ರಲ್ಲೇ ಹೊಳೆನರಸೀಪುರದಲ್ಲಿ ತೀರಿಕೊಂಡಿದ್ದರು.

ಆ ದೊಡ್ಡ ಗ್ರಂಥದ ಶೋಧ ಮೂಲಾವಿದ್ಯೆಯದಕ್ಕಿಂತ ಆಳವಾದದ್ದು. ವೇದಾಂತಕ್ಕೆ ಇರುವುದು ಒಂದೇ ಪ್ರಕ್ರಿಯೆ, ಅಧ್ಯಾರೋಪ ಮತ್ತು ಅಪವಾದ: ತಿಳಿಸುವುದಕ್ಕಾಗಿ ಒಂದನ್ನು ಹೊರಿಸಿ ಹೇಳುವುದು, ತಿಳಿದ ಮೇಲೆ ಅದನ್ನೂ ತೆಗೆದುಹಾಕುವುದು. ಗೀತಾಭಾಷ್ಯದಲ್ಲಿ ಶಂಕರರು ಇದನ್ನು ಸಂಪ್ರದಾಯ ಬಲ್ಲವರ ಮಾತು ಎಂದು ಎತ್ತಿ ಹೇಳಿದ್ದಾರೆ. ಸೃಷ್ಟಿ, ಪಂಚಕೋಶ, ಮೂರು ಅವಸ್ಥೆಗಳು, ಕೊನೆಗೆ ಸಾಕ್ಷಿ ಎಂಬ ಹೆಸರು ಕೂಡ ಹೀಗೆ ಹೊರಿಸಿದ್ದೇ. ಅವಿದ್ಯೆಯ ಮಾತೂ ಅಷ್ಟೆ. ಹಾಗಾದರೆ ಮೂಲಾವಿದ್ಯೆಯವರು, ನಮ್ಮದೂ ಅಧ್ಯಾರೋಪವೇ, ಮಂದರಿಗೆ ಹೇಳಿಕೊಡಲು ಇಟ್ಟುಕೊಂಡದ್ದು ಎನ್ನಬಹುದು. ಎಂದಿದ್ದಾರೆ ಕೂಡ. ಅಲ್ಲಿಗೆ ಜಗಳ ಮುಗಿಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ; ಮುಗಿಯಲಿಲ್ಲ, ಏಕೆಂದರೆ ತೆಗೆದುಹಾಕಲು ಇಟ್ಟುಕೊಂಡದ್ದನ್ನು ಅನುಮಾನ, ಅರ್ಥಾಪತ್ತಿ ಎಂದು ಪ್ರಮಾಣಗಳ ಬಲದಿಂದ ಸ್ಥಾಪಿಸುವ ಗ್ರಂಥಗಳು ಆಗಲೇ ಕಪಾಟು ತುಂಬಿದ್ದವು. ವಿವರಣದ ಪಾಠ ಮಠಗಳಲ್ಲಿ ಇಂದಿಗೂ ನಡೆಯುತ್ತಿದೆ. ಮೂಲಾವಿದ್ಯೆ ಇಲ್ಲ ಎನ್ನುವ ಪುಸ್ತಕಗಳು ಹೊಳೆನರಸೀಪುರದಿಂದ ಬರುತ್ತಲೇ ಇವೆ.