ಗಾಥೆಯಿಂದ ಕಥೆಗೆ: ಭದ್ರಬಾಹು ವೃತ್ತಾಂತದ ಬೆಳವಣಿಗೆ

ಪ್ರಾಚೀನ ಗ್ರಂಥಗಳಲ್ಲಿ ಒಂದೆರಡು ಪದಗಳಿಂದ ಸೂಚಿತವಾದ ಪ್ರಸಂಗಗಳು ಕಾಲಾಂತರದಲ್ಲಿ ವಿಸ್ತಾರವಾದ ಕಥೆಗಳಾಗಿ ಬೆಳೆದಿರುವುದು ಜೈನ ಕಥಾಸಾಹಿತ್ಯದ ಒಂದು ಮುಖ್ಯ ಲಕ್ಷಣ. ಈ ಬೆಳವಣಿಗೆಯ ಕ್ರಮವನ್ನರಿಯಲು ಶಿವಾರ್ಯರ ‘ಭಗವತೀ ಆರಾಧನೆ’ಯನ್ನು ಆಶ್ರಯಿಸಿದ ಕಥಾಗ್ರಂಥಗಳು ಉತ್ತಮ ಸಾಮಗ್ರಿಯನ್ನು ಒದಗಿಸುತ್ತವೆ. ಅವುಗಳಲ್ಲಿ ಶ್ರುತಕೇವಲಿ ಭದ್ರಬಾಹುಗಳ ವೃತ್ತಾಂತವು ಕರ್ನಾಟಕದ ಇತಿಹಾಸದೊಡನೆ ಹೆಣೆದುಕೊಂಡಿರುವುದರಿಂದ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

ಶೌರಸೇನಿ ಪ್ರಾಕೃತದ ಈ ಆರಾಧನಾಗ್ರಂಥವು ಎರಡು ಸಾವಿರಕ್ಕೂ ಮಿಕ್ಕ ಗಾಥೆಗಳಲ್ಲಿ ಚತುರ್ವಿಧ ಆರಾಧನೆಯನ್ನೂ ಸಮಾಧಿಮರಣದ ವಿಧಿಯನ್ನೂ ನಿರೂಪಿಸುತ್ತದೆ. ಸಲ್ಲೇಖನವನ್ನು ಕೈಕೊಂಡ ಕ್ಷಪಕನು ಹಸಿವು, ತೃಷೆ, ವೇದನೆಗಳಿಂದ ವಿಚಲಿತನಾಗುವ ಸಂಭವವುಂಟು. ಆಗ ನಿರ್ಯಾಪಕಾಚಾರ್ಯನು ಪೂರ್ವಮುನಿಗಳ ಧೈರ್ಯವನ್ನು ಸ್ಮರಣೆಗೆ ತಂದು ಅವನ ಮನಸ್ಸನ್ನು ಸ್ಥಿರಗೊಳಿಸಬೇಕು. ರಣರಂಗದಲ್ಲಿ ಯೋಧನನ್ನು ಕಾಯುವ ಕವಚದಂತೆ ಈ ಉಪದೇಶವು ಕ್ಷಪಕನನ್ನು ಕಾಯುವುದರಿಂದ ಆ ಪ್ರಕರಣಕ್ಕೆ ‘ಕವಚ’ವೆಂದೇ ಹೆಸರು. ಹೆಣ್ಣುನರಿಯು ಮೂರು ರಾತ್ರಿ ತಿನ್ನುತ್ತಿದ್ದರೂ ಧ್ಯಾನದಿಂದ ಕದಲದ ಅವಂತಿಯ ಸುಕುಮಾರ, ಹೆಣ್ಣುಹುಲಿಯ ಬಾಯಿಗೆ ತುತ್ತಾದ ಸುಕೋಶಲ ಮೊದಲಾದವರು ಒಂದೊಂದು ಗಾಥೆಯಲ್ಲಿ ಅಲ್ಲಿ ಉಲ್ಲೇಖಿತರಾಗಿದ್ದಾರೆ. ಭದ್ರಬಾಹುಗಳ ಗಾಥೆಯ ಸಾರವೂ ಇಷ್ಟೇ: ಘೋರವಾದ ಅವಮೋದರ್ಯದಲ್ಲಿಯೂ ಸಂಕ್ಲೇಶವಿಲ್ಲದ ಬುದ್ಧಿಯಿಂದ ಅವರು ಉತ್ತಮಸ್ಥಾನವನ್ನು ಪಡೆದರು. ದ್ವಾದಶವರ್ಷ ಕ್ಷಾಮ, ಚಂದ್ರಗುಪ್ತ, ದಕ್ಷಿಣದ ಪ್ರಯಾಣ, ಇವಾವುದರ ಸುಳಿವೂ ಅದರಲ್ಲಿಲ್ಲ.

ಕ್ರಿ.ಶ. ೯೩೧-೩೨ರಲ್ಲಿ ಹರಿಷೇಣನು ರಚಿಸಿದ, ೧೫೭ ಕಥೆಗಳುಳ್ಳ ಸಂಸ್ಕೃತ ‘ಬೃಹತ್ಕಥಾಕೋಶ’ದಲ್ಲಿ ಈ ಎಲ್ಲ ಅಂಶಗಳೂ ಕಾಣಿಸಿಕೊಳ್ಳುತ್ತವೆ. ಅಲ್ಲಿ ಚಂದ್ರಗುಪ್ತನೇ ದೀಕ್ಷೆ ಪಡೆದು ವಿಶಾಖಾಚಾರ್ಯನೆನಿಸಿ ಸಂಘವನ್ನು ದಕ್ಷಿಣದ ಪುನ್ನಾಟ ದೇಶಕ್ಕೆ ಕರೆದೊಯ್ಯುತ್ತಾನೆ. ಭದ್ರಬಾಹುಗಳು ಉತ್ತರದಲ್ಲಿಯೇ, ಭಾದ್ರಪದ ದೇಶದಲ್ಲಿ, ಅನಶನದಿಂದ ಸಮಾಧಿಯನ್ನು ಹೊಂದುತ್ತಾರೆ. ಹತ್ತೊಂಬತ್ತು ಕಥೆಗಳ ಹಳಗನ್ನಡ ‘ವಡ್ಡಾರಾಧನೆ’ಯ ಆರನೆಯ ಕಥೆಯಲ್ಲಿ ಕ್ರಮವು ಬೇರೆ. ಇಲ್ಲಿ ಗುರುಗಳು ಸ್ವತಃ ದಕ್ಷಿಣಕ್ಕೆ ಬಂದು ಕಳ್ಬಪ್ಪಿನಲ್ಲಿ ನಿಲ್ಲುತ್ತಾರೆ. ವಿಶಾಖಾಚಾರ್ಯರು ಬೇರೊಬ್ಬ ಮುನಿಗಳು. ಅವರು ಸಂಘದೊಡನೆ ಮುಂದೆ ಸಾಗಿದರೆ, ಸಂಪ್ರತಿ ಚಂದ್ರಗುಪ್ತ ಮುನಿಯು ಗುರುಸೇವೆಗಾಗಿ ಉಳಿಯುತ್ತಾನೆ.

ಈ ಭೇದಗಳು ಆಕಸ್ಮಿಕವೆಂದು ತೋರುವುದಿಲ್ಲ. ಹರಿಷೇಣನು ಪುನ್ನಾಟ ಸಂಘದವನು. ಸಂಘವು ಪುನ್ನಾಟಕ್ಕೆ ಬಂದ ವಿವರದಲ್ಲಿ ಅವನಿಗೆ ವಿಶೇಷ ಆದರವಿದ್ದುದು ಸಹಜ. ಕನ್ನಡ ಗ್ರಂಥಕಾರನಿಗಾದರೋ ಕಳ್ಬಪ್ಪು ಪ್ರಸಿದ್ಧವಾದ ಸಮಾಧಿಕ್ಷೇತ್ರವಾಗಿತ್ತು. ಗಾಥೆ ಒಂದೇ ಆದರೂ ಅದನ್ನು ಕಥೆಯಾಗಿಸಿದವರ ನಾಡು, ಪರಂಪರೆ, ಶ್ರೋತೃಗಳು ಬೇರೆಬೇರೆ.

ಹಾಗಾದರೆ ಕಳ್ಬಪ್ಪಿನ ಐತಿಹ್ಯವು ಕೇವಲ ಕಥಾಕಾರರ ಕಲ್ಪನೆಯೇ ಎಂಬ ಪ್ರಶ್ನೆ ಏಳುತ್ತದೆ. ಚಂದ್ರಗಿರಿಯ ಸುಮಾರು ಕ್ರಿ.ಶ. ೬೦೦ರ ಶಾಸನವು ಇದಕ್ಕೆ ಅಡ್ಡಬರುತ್ತದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ನಿಮಿತ್ತಜ್ಞಾನದಿಂದ ಹನ್ನೆರಡು ವರ್ಷಗಳ ವಿಪತ್ತನ್ನು ಮುಂದಾಗಿ ತಿಳಿಸಿದುದನ್ನೂ ಸಂಘವು ದಕ್ಷಿಣಾಪಥಕ್ಕೆ ನಡೆದುದನ್ನೂ ಅದು ಹೇಳುತ್ತದೆ. ಹರಿಷೇಣನಿಗಿಂತ ಮೂರು ಶತಮಾನಗಳಿಗೂ ಹಿಂದಿನ ಸಾಕ್ಷ್ಯವಿದು. ಆದರೆ ಅಲ್ಲಿ ಕಟವಪ್ರದಲ್ಲಿ ಸಮಾಧಿ ಪಡೆದವರ ಹೆಸರು ಪ್ರಭಾಚಂದ್ರ. ಅದು ಚಂದ್ರಗುಪ್ತನ ದೀಕ್ಷಾನಾಮವೆಂದು ಕೆಲವರ ಮತ. ಶಾಸನದ ಭದ್ರಬಾಹುವು ಶ್ರುತಕೇವಲಿಯಲ್ಲದೆ ಬಳಿಕದ ಆಚಾರ್ಯನೆಂದು ಇತರರ ಮತ. ಕಥೆಯನ್ನು ಶಾಸನದೊಳಗೆ ಓದಿಕೊಂಡರೆ ಈ ವಿವಾದವು ತೀರಿದಂತೆ ತೋರಬಹುದು. ವಾಸ್ತವವಾಗಿ ಅದು ಮರೆಯಾಗುತ್ತದೆ, ಅಷ್ಟೆ.

ಗ್ರಂಥಸಂಪಾದನೆಯಲ್ಲಿಯೂ ಈ ವಿವೇಕ ಅವಶ್ಯ. ಒಂದು ತಾಳೆಯೋಲೆಯ ಪ್ರತಿಯಲ್ಲಿ ಭದ್ರಬಾಹುಗಳ ಸಮಾಧಿಸ್ಥಳವು ಪರಿಚಿತ ಕಥೆಗಿಂತ ಭಿನ್ನವಾಗಿ ಕಂಡಮಾತ್ರಕ್ಕೆ ಅದನ್ನು ಲಿಪಿಕಾರನ ಸ್ಖಾಲಿತ್ಯವೆಂದು ತಿದ್ದಲಾಗದು. ಅದು ಬೇರೊಂದು ಪರಂಪರೆಯ ಅವಶೇಷವಾಗಿರಬಹುದು. ಗಾಥೆ, ಶಾಸನ, ಕಥೆಗಳನ್ನು ಪ್ರತ್ಯೇಕವಾಗಿ ಓದಿ, ಅನಂತರವೇ ಹೋಲಿಸುವುದು ಸರಿಯಾದ ಕ್ರಮ.

ಸ್ಥಳ, ಸಹಚರ, ಕಾಲಗಳಲ್ಲಿ ಕಥಾಕಾರರು ಭಿನ್ನರಾದರೂ ಒಂದು ಅಂಶವನ್ನು ಯಾರೂ ಬದಲಿಸಿಲ್ಲ: ಹಸಿವಿನ ನಡುವೆಯೂ ಕದಡದ ಸಮಚಿತ್ತ. ಕ್ಷಪಕನಿಗೆ ಕವಚವಾಗಬೇಕಾದುದು ಅದೇ. ಕಥೆಯ ವಿವರಗಳನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚುವುದರಿಂದ ಆ ಕವಚಕ್ಕೆ ಭಂಗವಿಲ್ಲ; ಏಕೆಂದರೆ ಅದರ ಬಲವು ವಿವರಗಳನ್ನು ಅವಲಂಬಿಸಿಲ್ಲ, ಗಾಥೆಯ ಅರ್ಥವನ್ನು ಅವಲಂಬಿಸಿದೆ.